ಬೇಸಗೆಯ ತೀರ್ಥಯಾತ್ರೆ ಮತ್ತು ಶ್ರಾವಕನ ಬುತ್ತಿ

ದೂರದ ದಾರಿಗೆ ಹೊರಟವನು ಬುತ್ತಿಯಿಲ್ಲದೆ ನಡೆದರೆ ಹಸಿವು ನೀರಡಿಕೆಗಳಿಂದ ಬಳಲುತ್ತಾನೆ. ಧರ್ಮವನ್ನು ಆಚರಿಸದೆ ಪರಲೋಕಕ್ಕೆ ಹೊರಟವನ ಪಾಡೂ ಅಂಥದೇ. ಶ್ವೇತಾಂಬರ ಆಗಮವಾದ ಉತ್ತರಾಧ್ಯಯನ ಸೂತ್ರದ 19ನೆಯ ಅಧ್ಯಯನದಲ್ಲಿ ಮೃಗಾಪುತ್ರನು ತಂದೆತಾಯಿಗಳಿಂದ ದೀಕ್ಷೆಗೆ ಅನುಮತಿ ಬೇಡುವಾಗ ಆಡುವ ಮಾತಿನ ಸಾರವಿದು. ಪ್ರಾಚೀನ ಕಾಲದ ಪಯಣಿಗನಿಗೆ ಬುತ್ತಿಯು ಎಷ್ಟು ಅನಿವಾರ್ಯವಾಗಿತ್ತೆಂಬುದು ಈ ಹೋಲಿಕೆಯಿಂದಲೇ ವೇದ್ಯವಾಗುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ಪಾಥೇಯವೆಂದು ಹೆಸರು. ಕನ್ನಡದ ಬುತ್ತಿಯಾದರೋ ‘ಭುಕ್ತಿ’ ಶಬ್ದದ ತದ್ಭವ. ಜೈನ ಗೃಹಸ್ಥನ ಪಾಲಿಗೆ ಬುತ್ತಿಯು ಹಸಿವನ್ನು ನೀಗುವ ಸಾಧನವಷ್ಟೇ ಆಗಿರಲಿಲ್ಲ. ಮನೆಯಲ್ಲಿ ಪಾಲಿಸಿದ ವ್ರತವನ್ನು ದಾರಿಯಲ್ಲಿಯೂ ಉಳಿಸಿಕೊಳ್ಳುವ ಉಪಾಯವಾಗಿತ್ತು.

ಮುನಿಗಳಿಗೆ ಬುತ್ತಿಯಿಲ್ಲ. ದಿಗಂಬರ ಮುನಿಗಳು ದಿನಕ್ಕೊಮ್ಮೆ, ನಿಂತುಕೊಂಡು, ಅಂಗೈಯನ್ನೇ ಪಾತ್ರೆಯಾಗಿಸಿ ಆಹಾರ ಸ್ವೀಕರಿಸುತ್ತಾರೆ. ನಾಳೆಗೆಂದು ಏನನ್ನೂ ಕೂಡಿಡುವುದಿಲ್ಲ. ಭದ್ರಬಾಹು ಸ್ವಾಮಿಗಳು ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಗಂಡದ್ದರಿಂದ ಸಂಘವು ಉತ್ತರದಿಂದ ದಕ್ಷಿಣಕ್ಕೆ ಬಂದ ವಿಷಯವನ್ನು ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿರುವ, ಸುಮಾರು ಕ್ರಿ.ಶ. 600ರ ಶಾಸನವು ತಿಳಿಸುತ್ತದೆ. ಅಂತಹ ವಿಹಾರವು ದಾರಿಯುದ್ದಕ್ಕೂ ಶುದ್ಧಾಹಾರವನ್ನು ಸಿದ್ಧಪಡಿಸುವ ಶ್ರಾವಕರಿಲ್ಲದೆ ಸಾಗುವಂತಿರಲಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯವನ್ನು ನಾಲ್ಕನೆಯ ಶಿಕ್ಷಾವ್ರತವಾಗಿ ಎಣಿಸಿದ್ದಾರೆ. ಆದ್ದರಿಂದ ಗೃಹಸ್ಥನ ಅಡುಗೆಯಲ್ಲಿ ಅವನ ಪಾಲಿನೊಡನೆ ಸತ್ಪಾತ್ರರ ಪಾಲೂ ಸೇರಿಯೇ ಇರುತ್ತದೆ.

ಪಾಕಶಾಸ್ತ್ರವು ಕನ್ನಡ ಸಾಹಿತ್ಯದಲ್ಲಿ ಬಹು ಹಿಂದೆಯೇ ಸ್ಥಾನ ಪಡೆದಿದೆ. 1025ರಲ್ಲಿ ಚಾಳುಕ್ಯ ಜಯಸಿಂಹನ ಆಶ್ರಯದಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಅಡುಗೆಗೂ ಒಂದು ಅಧ್ಯಾಯ ಮೀಸಲಾಗಿದೆ. 16ನೆಯ ಶತಮಾನದ ಆರಂಭದಲ್ಲಿದ್ದ ಜೈನಕವಿ ಮೂರನೆಯ ಮಂಗರಸನು ವಾರ್ಧಕ ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವನ್ನೇ ಬರೆದನು. ಹಿಟ್ಟಿನ ತಿನಿಸುಗಳಿಗೂ ಪಾನಕಗಳಿಗೂ ಅದರಲ್ಲಿ ಪ್ರತ್ಯೇಕ ಅಧ್ಯಾಯಗಳಿವೆ. ಈ ಗ್ರಂಥಗಳು ಹೇಳುವುದು ರುಚಿಯ ಮಾತನ್ನು. ಆದರೆ ಮಾಡಿದ ಅಡುಗೆಯು ಎಷ್ಟು ಹೊತ್ತಿನವರೆಗೆ ಉಣ್ಣಲು ಯೋಗ್ಯವೆಂಬ ಕಾಲಮರ್ಯಾದೆಯು ಶ್ರಾವಕಾಚಾರದ ವಿಷಯ. ಅದು ಮನೆಯ ಹೆಂಗಸರ ನೆನಪಿನಲ್ಲಿ ತಲೆಮಾರಿನಿಂದ ತಲೆಮಾರಿಗೆ ಹರಿದುಬಂದಿತು.

ದಿಗಂಬರ ಪರಂಪರೆಯಲ್ಲಿ ರೂಢಿಯಲ್ಲಿರುವಂತೆ ಬೀಸಿದ ಹಿಟ್ಟಿನ ಮರ್ಯಾದೆಯು ಚಳಿಗಾಲದಲ್ಲಿ 7 ದಿನ, ಬೇಸಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ. ಅನ್ನ, ಸಾರುಗಳಂತಹ ನೀರಿನ ಅಡುಗೆಗೆ ಎರಡು ಪ್ರಹರ, ಎಂದರೆ 6 ಗಂಟೆ. ರೊಟ್ಟಿ, ಪೂರಿಗಳಿಗೆ ನಾಲ್ಕು ಪ್ರಹರ. ಎಣ್ಣೆಯಲ್ಲಿ ಗರಿಗರಿಯಾಗಿ ಕರಿದ ತಿಂಡಿಗಳಿಗೆ ಎಂಟು ಪ್ರಹರ. ನೀರು ತಾಗಿಸದೆ ತುಪ್ಪ, ಬೆಲ್ಲಗಳಿಂದ ಕಟ್ಟಿದ ಉಂಡೆಗಳಿಗೆ ಆಯಾ ಋತುವಿನ ಹಿಟ್ಟಿನ ಮರ್ಯಾದೆಯೇ ಅನ್ವಯಿಸುತ್ತದೆ. ತೇವವಿದ್ದಲ್ಲಿ ಜೀವೋತ್ಪತ್ತಿ ಶೀಘ್ರವೆಂಬ ತತ್ತ್ವವೇ ಈ ಲೆಕ್ಕಕ್ಕೆ ಆಧಾರ.

ಬೇಸಗೆಯ ಬುತ್ತಿಯ ಕ್ರಮವು ಈ ಲೆಕ್ಕದಿಂದಲೇ ರೂಪುಗೊಳ್ಳುತ್ತದೆ. ನಸುಕಿನಲ್ಲಿ ಹೊರಟವರಿಗೆ ಮೊದಲ ತಂಗುದಾಣದಲ್ಲಿ ಅನ್ನದ ಬುತ್ತಿ. ಮಧ್ಯಾಹ್ನ ಕಳೆದ ಮೇಲೆ ರೊಟ್ಟಿ ಅಥವಾ ಪೂರಿ. ಮರುದಿನ ಬೆಳಗಿಗೆ ಚಕ್ಕುಲಿ, ಕೋಡುಬಳೆ. ಅಲ್ಲಿಂದ ಮುಂದೆ ಹುರಿಹಿಟ್ಟಿನ ಉಂಡೆ. ಹುರಿಗಡಲೆಯನ್ನು ಬೀಸಿ, ಕುಟ್ಟಿದ ಬೆಲ್ಲ, ತುರಿದ ಒಣಕೊಬ್ಬರಿ ಮತ್ತು ಬಿಸಿ ತುಪ್ಪ ಬೆರೆಸಿ ಉಂಡೆ ಕಟ್ಟಿದರೆ ಪಾಕದ ತೊಡಕಿಲ್ಲ, ಒಲೆಯ ಹಂಗಿಲ್ಲ. ಉತ್ತರ ಕರ್ನಾಟಕದಲ್ಲಿ ಜೋಳದ ಕಟಕರೊಟ್ಟಿಯನ್ನು ಶೇಂಗಾ ಚಟ್ನಿಪುಡಿಯೊಡನೆ ಹಲವು ದಿನ ಒಯ್ಯುವ ವಾಡಿಕೆಯಿದೆ. ಜೈನ ಮನೆಗಳಲ್ಲಿ ಆ ಪುಡಿಗೆ ಬೆಳ್ಳುಳ್ಳಿ ಬೀಳುವುದಿಲ್ಲ. ಆದರೆ ಕಟ್ಟುನಿಟ್ಟಿನ ವ್ರತಿಗಳಿಗೆ ಹಳೆಯ ರೊಟ್ಟಿಯೂ ಸಲ್ಲದು. ಅಂಥವರು ದೂರ ಪ್ರಯಾಣಕ್ಕೆ ಹಿಟ್ಟಿಗಿಂತ ಕಾಳನ್ನೇ ಒಯ್ದು, ತಂಗಿದಲ್ಲಿ ಬೀಸಿ ಬೇಯಿಸಿಕೊಳ್ಳುವುದು ಲೇಸು.

ಮೊಸರನ್ನವು ಬೇಸಗೆಗೆ ಹಿತವಾದ ಬುತ್ತಿ. ಅದರಲ್ಲಿಯೂ ವಿವೇಕ ಬೇಕು. ಕಾಯಿಸದ ಹಾಲಿನ ಮೊಸರಿಗೆ ದ್ವಿದಳ ಧಾನ್ಯ ಬೆರೆತರೆ ದೋಷವೆಂದು ಶ್ರಾವಕಾಚಾರವು ನಿಷೇಧಿಸುತ್ತದೆ. ಮೊಸರಿಗೆ ಬೇಳೆಯನ್ನು ಸೋಕಿಸದಿರುವುದೇ ಮನೆಗಳ ರೂಢಿ. ಆದುದರಿಂದ ಒಗ್ಗರಣೆಗೆ ಉದ್ದಿನಬೇಳೆ, ಕಡಲೆಬೇಳೆಗಳನ್ನು ಹಾಕದೆ ಸಾಸಿವೆ, ಜೀರಿಗೆ, ಕರಿಬೇವುಗಳಿಂದಲೇ ಮುಗಿಸಬೇಕು. ಹಸಿಶುಂಠಿಯು ಕಂದಮೂಲವಾದುದರಿಂದ ಅದರ ಬದಲು ಒಣಶುಂಠಿಯ ಪುಡಿ. ಅವಲಕ್ಕಿಗೆ ಮೊಸರು ಬೆರೆಸಬಹುದು. ಅದಕ್ಕೆ ಹುರಿಗಡಲೆ ಸೇರಿಸುವಂತಿಲ್ಲ.

ಎಲ್ಲಕ್ಕಿಂತ ಕಠಿನವಾದದ್ದು ನೀರಿನ ನಿಯಮ. ದಪ್ಪ ಬಟ್ಟೆಯನ್ನು ಎರಡು ಪದರವಾಗಿ ಮಡಿಸಿ ಸೋಸಿದ ನೀರಿನ ಮರ್ಯಾದೆಯು ಒಂದು ಮುಹೂರ್ತ, ಎಂದರೆ 48 ನಿಮಿಷ. ಚೆನ್ನಾಗಿ ಕುದಿಸಿದ ನೀರಿನದು 24 ಗಂಟೆ. ಸೋಸಿದ ಬಟ್ಟೆಯಲ್ಲಿ ಉಳಿದ ಜೀವಾಣಿಯನ್ನು ಯಾವ ಬಾವಿಯಿಂದ ನೀರು ಸೇದಿದ್ದರೋ ಅದೇ ಬಾವಿಗೆ ಮೆಲ್ಲನೆ ಇಳಿಸಬೇಕು. ಬಾಯಾರಿ ಬಂದ ಪಯಣಿಗನು ಕುಡಿಯುವ ಆತುರದಲ್ಲಿಯೂ ಕಣ್ಣಿಗೆ ಕಾಣದ ಜೀವಿಗಳನ್ನು ಅವುಗಳ ಮನೆಗೆ ಮುಟ್ಟಿಸಿ ಮುಂದೆ ಸಾಗಬೇಕೆಂಬುದು ಇದರ ಆಶಯ. ಅಹಿಂಸೆಯು ಇಲ್ಲಿ ಉಪದೇಶವಾಗಿ ಉಳಿಯದೆ ಕೈಯ ಕೆಲಸವಾಗುತ್ತದೆ.

ಹಾಗೆಂದು ಹಿಂದಿನವರೆಲ್ಲರೂ ಬುತ್ತಿಯನ್ನೇ ಉಂಡರೆಂದು ಭಾವಿಸಬೇಕಾಗಿಲ್ಲ. ಆಗ್ರಾದ ಜೈನ ವ್ಯಾಪಾರಿಯೂ ಕವಿಯೂ ಆದ ಬನಾರಸೀದಾಸನು 1641ರಲ್ಲಿ ಮುಗಿಸಿದ ಆತ್ಮಕಥೆ ‘ಅರ್ಧಕಥಾನಕ’ದಲ್ಲಿ, ಕೈ ಬರಿದಾದಾಗ ಕಚೋರಿ ಮಾರುವವನಿಂದ ಸಾಲವಾಗಿ ತಿಂಗಳುಗಟ್ಟಲೆ ಕಚೋರಿ ತಿಂದುದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. 1604ರ ಚೈತ್ರದಲ್ಲಿ ಹೀರಾನಂದ ಮುಕೀಮನು ಸಮ್ಮೇದಶಿಖರಕ್ಕೆ ಹೊರಡಿಸಿದ ಸಂಘದಲ್ಲಿ ಕವಿಯ ತಂದೆ ಖರಗಸೇನನೂ ಇದ್ದನು. ಆ ಯಾತ್ರೆಯಲ್ಲಿ ಕೆಲವರು ಮೃತರಾದರು, ಅನೇಕರು ರೋಗಪೀಡಿತರಾದರು. ಖರಗಸೇನನೂ ಕಾಯಿಲೆಯಿಂದಲೇ ಮರಳಿದನು. ಬೇಸಗೆಯ ದೀರ್ಘ ಯಾತ್ರೆಯೆಂದರೆ ಅಂದು ಪ್ರಾಣವನ್ನೇ ಪಣವಾಗಿಟ್ಟ ಕಾರ್ಯವಾಗಿತ್ತು.

ರೈಲು ಬಂದ ಮೇಲೆ ಈ ಕಷ್ಟ ತಗ್ಗಿತು. 1906ರಲ್ಲಿ ಗ್ರ್ಯಾಂಡ್ ಕಾರ್ಡ್ ಮಾರ್ಗವು ತೆರೆದು, ಪಾರಸನಾಥ ಬೆಟ್ಟದ ಸಮೀಪದಲ್ಲಿಯೇ ರೈಲು ಓಡತೊಡಗಿತು. ಬೆಟ್ಟದ ಮೇಲಿನ ನಡಿಗೆ ಮಾತ್ರ ಇಂದಿಗೂ ಬದಲಾಗಿಲ್ಲ. ಏರಲು 9, ಟೋಂಕುಗಳ ವಂದನೆಗೆ 9, ಇಳಿಯಲು 9, ಹೀಗೆ 27 ಕಿಲೋಮೀಟರ್. ಭಕ್ತರು ನಡುರಾತ್ರಿ ಕಳೆಯುತ್ತಲೇ ಹೊರಡುತ್ತಾರೆ. ಬೆಟ್ಟದಿಂದ ಇಳಿಯುವವರೆಗೂ ಏನನ್ನೂ ತಿನ್ನದವರು ಹಲವರಿದ್ದಾರೆ. ಅವರ ಬುತ್ತಿ ತಪ್ಪಲಿನಲ್ಲಿ ಕಾದಿರುತ್ತದೆ.

ಕಾಲಮರ್ಯಾದೆಯನ್ನು ಆರೋಗ್ಯಶಾಸ್ತ್ರವೆಂದೇ ಹೊಗಳುವುದು ಇಂದು ರೂಢಿಯಾಗಿದೆ. ಅದು ಪೂರ್ತಿ ಸರಿಯಲ್ಲ. ಬೇಯಿಸಿದ ಆಹಾರವನ್ನು ಹೊರಗಿನ ಶಾಖದಲ್ಲಿ 2 ಗಂಟೆಗಿಂತ ಹೆಚ್ಚು ಇಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಅನ್ನವನ್ನು ಕೆಡಿಸುವ ಕೆಲವು ಸೂಕ್ಷ್ಮಜೀವಿಗಳ ಬೀಜಾಣುಗಳು ಕುದಿತದಲ್ಲಿಯೂ ಉಳಿದು, ಬೆಚ್ಚಗಿನ ಡಬ್ಬಿಯಲ್ಲಿ ಮತ್ತೆ ಬೆಳೆಯುತ್ತವೆ. ಆದುದರಿಂದ ಎರಡು ಪ್ರಹರವೆಂಬುದು ಮೀರಬಾರದ ಮೇರೆಯೇ ಹೊರತು ಅಲ್ಲಿಯವರೆಗೆ ಕಾಯಬಹುದೆಂಬ ಅಭಯವಲ್ಲ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಅನ್ನದ ಬುತ್ತಿಯನ್ನು ಆದಷ್ಟು ಬೇಗ ಉಂಡು, ಮುಂದಿನ ಹೊತ್ತಿಗೆ ಒಣ ತಿನಿಸುಗಳನ್ನು ಆಶ್ರಯಿಸುವುದೇ ಕ್ಷೇಮ. ಮರ್ಯಾದೆಯ ಮೂಲ ಉದ್ದೇಶ ಜೀವದಯೆ. ದೇಹರಕ್ಷಣೆ ಅದರ ಜೊತೆಗೆ ದೊರೆತ ಫಲ.

ಇಂದು ಶ್ರಾವಕ ಕುಟುಂಬಗಳು ರಜೆಯ ದಿನಗಳಲ್ಲಿ ಕಾರು, ಬಸ್ಸುಗಳಲ್ಲಿ ತೀರ್ಥಯಾತ್ರೆಗೆ ಹೋಗುತ್ತವೆ. ಮನೆಯಲ್ಲಿ ಸೂರ್ಯಾಸ್ತಕ್ಕೆ ಮುನ್ನ ಉಣ್ಣುವವರೂ ಪ್ರಯಾಣದ ನೆಪದಲ್ಲಿ ರಾತ್ರಿ ಹೋಟೆಲಿನ ಬಾಗಿಲು ತಟ್ಟುವುದುಂಟು. ಪೊಟ್ಟಣದ ತಿಂಡಿಯ ಮೇಲೆ ಹಸಿರು ಚುಕ್ಕಿಯಿದ್ದರೂ ಅದು ಈರುಳ್ಳಿ ಬೆಳ್ಳುಳ್ಳಿಗಳಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಹುರಿಹಿಟ್ಟಿನ ಉಂಡೆಗೆ ಬೇಕಾದುದು ಅರ್ಧ ಗಂಟೆಯ ಕೆಲಸ. ಆದರೆ ಅದರ ಹಿಂದಿನ ಲೆಕ್ಕವನ್ನು ಬಲ್ಲ ಅಜ್ಜಿಯರು ವಿರಳವಾಗುತ್ತಿದ್ದಾರೆ. ತೀರ್ಥಕ್ಷೇತ್ರಗಳ ಟ್ರಸ್ಟುಗಳು ಭೋಜನಶಾಲೆಯ ಗೋಡೆಯ ಮೇಲೆ ಆಯಾ ದಿನದ ಅಡುಗೆ ಸಿದ್ಧವಾದ ಹೊತ್ತನ್ನು ಬರೆದಿಡುವುದು, ಮರುಪ್ರಯಾಣದ ಯಾತ್ರಿಕರಿಗೆ ಒಣಬುತ್ತಿಯನ್ನು ಕಟ್ಟಿಕೊಡುವುದು ಕಷ್ಟದ ಕಾರ್ಯವೇನಲ್ಲ. ಕುಟುಂಬಗಳಾದರೋ ಮಕ್ಕಳ ಕೈಯಲ್ಲಿಯೇ ಉಂಡೆ ಕಟ್ಟಿಸಿ, ಐದು ದಿನವೇಕೆ, ಏಳು ಏಕಲ್ಲ ಎಂಬುದನ್ನು ತಿಳಿಸಿಕೊಡಲಿ. ಎಣಿಸಿ ಕಟ್ಟುವಾಗ ಮನೆಯ ಮಂದಿಗೆ ಬೇಕಾದುದಕ್ಕಿಂತ ಎರಡು ಉಂಡೆ ಹೆಚ್ಚೇ ಇರಲಿ. ದಾರಿಯಲ್ಲಿ ಹಸಿದವರು ಸಿಕ್ಕೇ ಸಿಗುತ್ತಾರೆ.