ಬಲೆಗೆ ಜಾಗವಿಲ್ಲದ ಮನೆ

ಕಾಸಿಮೇಡಿನ ಮೀನು ಬಂದರಿನಿಂದ ಒಳಗಲ್ಲಿಗಳಿಗೆ ನಡೆದಾಗ ನಾನು ಮೊದಲು ನೋಡುವುದು ಮನೆಯನ್ನಲ್ಲ, ಮನೆಯ ಮುಂದಿನ ಜಾಗವನ್ನು. ಬಲೆ ಸರಿಪಡಿಸುವುದು, ಮೀನು ಒಣಗಿಸುವುದು, ಹರಟೆ ಎಲ್ಲಕ್ಕೂ ಅದೇ ಬೇಕು. ಮೀನುಗಾರರಿಗೆ ಅಂಗಳವೂ ಒಂದು ಕೋಣೆ.

ಇಂಥ ಮನೆಗಳನ್ನು ವಾಸ್ತುಶಿಲ್ಪಿಗಳು ರೂಪಿಸಿದ್ದು ಕಡಿಮೆ. ಮೇಸ್ತ್ರಿಯೂ ಮನೆಯವರೂ ಮಾತಾಡಿಕೊಂಡೇ ಕಟ್ಟುತ್ತಾರೆ. ಕಾನೂನಿನ ತಕರಾರೂ ಇಲ್ಲ. 1972ರ ವಾಸ್ತುಶಿಲ್ಪಿಗಳ ಕಾಯ್ದೆ ಕಾಪಾಡುವುದು ಆ ಪದವಿಯ ಹೆಸರನ್ನು, ನಕ್ಷೆ ಬರೆಯುವ ಕೆಲಸವನ್ನಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

1970ರಲ್ಲಿ ತಮಿಳುನಾಡು ಕೊಳೆಗೇರಿ ನಿರ್ಮೂಲನ ಮಂಡಳಿ ಹುಟ್ಟಿತು. ಚೆನ್ನೈನ ಎಷ್ಟೋ ಕಡೆ ಗುಡಿಸಲುಗಳ ಜಾಗದಲ್ಲಿ ಮಹಡಿ ಮನೆಗಳು ಎದ್ದವು. ಬೆಂಕಿಯ ಭಯ ತಗ್ಗಿತು, ನಿಜ. ಆದರೆ ಮೂರನೆಯ ಮಹಡಿಗೆ ಬಲೆ ಹೊರುವುದು ಹೇಗೆ? 2004ರ ಸುನಾಮಿಯ ನಂತರ ನಗರದ ಹಲವು ಕರಾವಳಿ ಕುಟುಂಬಗಳಿಗೆ ದೂರದ ಸೆಮ್ಮಂಚೇರಿಯಲ್ಲಿ ಮನೆ ಸಿಕ್ಕಿತು. ಅಲ್ಲಿ ಸೂರಿತ್ತು, ಬಾಗಿಲಲ್ಲಿ ಕಡಲಿರಲಿಲ್ಲ.

ಬೇರೆ ದಾರಿಯೂ ಇತ್ತು. 1970ರ ದಶಕದಲ್ಲೇ ತಿರುವನಂತಪುರದ ಪೂಂತುರದಲ್ಲಿ ಲಾರಿ ಬೇಕರ್ ಮೀನುಗಾರರಿಗೆ ಮನೆ ಕಟ್ಟಿದರು. ಗಾಳಿಯಾಡುವ ಇಟ್ಟಿಗೆ ಜಾಲಿಯ ಗೋಡೆ. ಕಡಲ ಗಾಳಿ ಪ್ರತಿ ಮನೆಗೂ ಸಿಗುವಂತೆ ಹಿಂದೆ ಮುಂದೆ ಸರಿಸಿದ ಸಾಲು. ನಡುವೆ ಬಲೆ ಒಣಗಿಸಲು, ಮಕ್ಕಳು ಆಡಲು ಜಾಗ. ಕಡಿಮೆ ಖರ್ಚಿನ ಮನೆಗೂ ವಾಸ್ತುಶಿಲ್ಪಿ ಬೇಕಾಗುವುದು ಇದಕ್ಕೇ: ಗೋಡೆ ಏಳುವ ಮೊದಲು ಒಳಗೆ ಬಾಳುವವರ ದಿನಚರಿ ತಿಳಿಯಲು.

ಊರಿನಲ್ಲಿ ಮನೆ ಕಟ್ಟಿಸುವಾಗ ನಾವೂ ಎಷ್ಟು ಬೆಡ್‌ರೂಮ್ ಎಂದಷ್ಟೇ ಹೇಳಿ ಬರುತ್ತೇವೆ. ಅಡಿಕೆ ಎಲ್ಲಿ ಒಣಗಬೇಕು, ಅಮ್ಮ ಸಂಜೆ ಎಲ್ಲಿ ಕೂರಬೇಕು ಎನ್ನುವುದನ್ನೂ ಹೇಳೋಣ.