ಶಾಸನದ ಫೋಟೊ, ಮಾಸ್ಕಿನ ಅಂಚು ಮತ್ತು ಅರ್ಧ ಅಕ್ಷರ

ಶಾಸನಗಳ ಫೋಟೊ ತೆಗೆದು ಹಂಚಿಕೊಳ್ಳುವವರು ಈಗ ಊರೂರಲ್ಲೂ ಇದ್ದಾರೆ. ಸಂತೋಷದ ವಿಷಯ. ಇಂಥ ಬಹಳಷ್ಟು ಚಿತ್ರಗಳಲ್ಲಿ ಕಲ್ಲೊಂದೇ ಉಳಿದಿರುತ್ತದೆ. ಹಿಂದಿದ್ದ ಬೇಲಿ, ಬೈಕು, ಕರೆಂಟು ಕಂಬ, ಒಣಹಾಕಿದ ಬಟ್ಟೆ ಎಲ್ಲವನ್ನೂ ಮಾಸ್ಕ್ ಹಾಕಿ ಮರೆಮಾಡಿ, ಕಪ್ಪು ಅಥವಾ ಬಿಳಿ ಹಿನ್ನೆಲೆ ಕೊಟ್ಟಿರುತ್ತಾರೆ. ನೋಡೋಕೆ ಚೆನ್ನಾಗಿರುತ್ತದೆ, ಓದೋಕೂ ಅನುಕೂಲ. ಆದರೆ ಕಲ್ಲಿನ ಸುತ್ತ ಒಂದು ತೆಳು ಎಳೆ ಮಾತ್ರ ಹಠ ಹಿಡಿದು ಉಳಿದುಬಿಡುತ್ತದೆ: ಆಕಾಶದ ಬಿಳುಪೋ, ಹುಲ್ಲಿನ ಹಸಿರೋ. ಇದನ್ನು ತೆಗೆಯೋದು ಹೇಗೆ ಅಂತ ನನ್ನನ್ನು ಕೇಳುವವರಿದ್ದಾರೆ. ತೆಗೆಯಬಹುದು, ಕಷ್ಟವೇನಿಲ್ಲ. ಆದರೆ ಶಾಸನದ ಕಲ್ಲಿಗೆ ಆ ಅಂಚು ಬಹಳ ಬೆಲೆಯ ಜಾಗ. ಅಲ್ಲೇನಿದೆ ಅಂತ ನೋಡದೆ ಕೈ ಹಾಕಬಾರದು ಅನ್ನೋದು ನನ್ನ ವಾದ.

ಮೊದಲು ಆ ಎಳೆ ಬರೋದು ಯಾಕೆ ಅಂತ ನೋಡೋಣ. ಕಲ್ಲು ಮುಗಿದು ಆಕಾಶ ಶುರುವಾಗುವ ಜಾಗದಲ್ಲಿ ಒಂದು ಪಿಕ್ಸೆಲ್ ಎರಡರ ಬೆಳಕನ್ನೂ ಹಿಡಿದಿರುತ್ತದೆ. ಅರ್ಧ ಕಲ್ಲು, ಅರ್ಧ ಆಕಾಶ ಇದ್ದರೆ ಅದರ ಬಣ್ಣ ಎರಡರ ಮಿಶ್ರಣ. ಮಾಸ್ಕ್ ಆ ಪಿಕ್ಸೆಲನ್ನು ಅರ್ಧ ಪಾರದರ್ಶಕ ಮಾಡಬಲ್ಲದು, ಆದರೆ ಅದರೊಳಗೆ ಬೆರೆತ ಆಕಾಶದ ಬಣ್ಣವನ್ನು ಹೊರಗೆ ತೆಗೆಯಲಾರದು. ಹಿನ್ನೆಲೆ ಬದಲಾದ ಕೂಡಲೇ ಹಳೇ ಬಣ್ಣ ಎದ್ದು ಕಾಣುತ್ತದೆ. ಹೀಗೆ ಪ್ರತಿ ಪಿಕ್ಸೆಲ್ ಎಷ್ಟು ಪಾಲು ಕಾಣಬೇಕು ಅನ್ನೋದನ್ನು ಒಂದು ಪ್ರತ್ಯೇಕ ಅಂಕಿಯಾಗಿ ಇಟ್ಟುಕೊಳ್ಳುವ ಆಲ್ಫಾ ವಿಧಾನ 1970ರ ದಶಕದ ಕೊನೆಯಲ್ಲಿ ಎಡ್ವಿನ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್ ಅವರಿಂದ ಬಂತು. ಅದರ ಗಣಿತವನ್ನು ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರಲ್ಲಿ ಕ್ರಮಬದ್ಧವಾಗಿ ಬರೆದಿಟ್ಟರು. 1994ರಲ್ಲಿ ಫೋಟೊಶಾಪ್‌ಗೆ ಲೇಯರುಗಳು ಬಂದ ಮೇಲೆ ಈ ಕೆಲಸ ಎಲ್ಲರ ಕೈಗೂ ಸಿಕ್ಕಿತು.

ಆದರೆ ಅಂಚಿನ ಈ ಜಗಳ ಕಂಪ್ಯೂಟರಿಗಿಂತ ಹಳೆಯದು. ಮೇಜರ್ ಡಿಕ್ಸನ್ 1865ರ ಹೊತ್ತಿಗೇ ಮೈಸೂರು ಸೀಮೆಯ ಸುಮಾರು 150 ಶಾಸನಗಳ ಫೋಟೊ ತೆಗೆದಿದ್ದರು. ಬಿ. ಎಲ್. ರೈಸ್ ಅವರು 1879ರಲ್ಲಿ ಪ್ರಕಟಿಸಿದ ಮೈಸೂರು ಶಾಸನಗಳ ಅನುವಾದಕ್ಕೆ ಮುಖ್ಯ ಆಧಾರ ಅವೇ ಫೋಟೊಗಳು. ಅದು ಗಾಜಿನ ನೆಗೆಟಿವ್‌ಗಳ ಕಾಲ. ಆ ಗಾಜಿನ ಲೇಪಕ್ಕೆ ನೀಲಿ ಬೆಳಕು ಬೇಗ ತಾಗುತ್ತಿತ್ತು, ಹಾಗಾಗಿ ಆಕಾಶ ಸಾಮಾನ್ಯವಾಗಿ ಬರೀ ಬಿಳಿಯಾಗಿ ಬರುತ್ತಿತ್ತು. ಸಾಲದ್ದಕ್ಕೆ ಜೋರು ಬೆಳಕು ಗಾಜಿನ ಹಿಂಬದಿಗೆ ಬಡಿದು ವಾಪಸು ಬಂದು, ಕಪ್ಪು ವಸ್ತುವಿನ ಅಂಚಿನ ಮೇಲೆ ಮಬ್ಬು ಹರಡುತ್ತಿತ್ತು. ಇದಕ್ಕೆ ಆ ಕಾಲದ ಸ್ಟುಡಿಯೋಗಳ ಮದ್ದು ಅಂದರೆ ನೆಗೆಟಿವ್ ಮೇಲೆ ಬೆಳಕು ತೂರದ ಬಣ್ಣ ಬಳಿದು ಹಿನ್ನೆಲೆ ಮುಚ್ಚೋದು. ಇವತ್ತಿನ ಮಾಸ್ಕಿನ ಅಜ್ಜ ಅಂತ ಅದನ್ನೇ ಕರೆಯಬಹುದು. ಆ ಕುಂಚ ಎಲ್ಲಿ ನಿಲ್ಲುತ್ತಿತ್ತೋ ಅಲ್ಲೇ ವಸ್ತುವಿನ ಅಂಚು!

ಪಡಿಯಚ್ಚಿನ ಕಥೆಯೂ ಬೇರೆಯಲ್ಲ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಶ್ಶಿನಿಂದ ಬಡಿದು ಅಕ್ಷರದ ಕುಳಿಯೊಳಗೆ ಕೂರಿಸುತ್ತಾರೆ. ಆಮೇಲೆ ಮಸಿ ಹಚ್ಚಿದರೆ ಮೇಲ್ಮೈ ಕಪ್ಪಾಗುತ್ತದೆ, ಕೊರೆದ ಅಕ್ಷರ ಬಿಳಿಯಾಗಿ ನಿಲ್ಲುತ್ತದೆ. ಮಸಿ ಹೆಚ್ಚಾದರೆ ಅಕ್ಷರ ಸಣ್ಣಗಾಗುತ್ತದೆ, ಅನುಸ್ವಾರದ ಸೊನ್ನೆ ಮುಚ್ಚಿಹೋಗುತ್ತದೆ. ಅಚ್ಚಿಗೆ ಕಳಿಸುವ ಮುಂಚೆ 'ಸ್ಪಷ್ಟವಾಗಲಿ' ಅಂತ ಕೈಯಿಂದ ತೀಡಿದರಂತೂ ಓದುಗ ಕಲ್ಲನ್ನು ಬಿಟ್ಟು ತೀಡಿದವನ ಊಹೆಯನ್ನು ಓದುತ್ತಾನೆ. ಅಶೋಕನ ಶಾಸನಗಳನ್ನು ನೋಡಿ. ಕನ್ನಿಂಗ್‌ಹ್ಯಾಮ್ 1877ರಲ್ಲಿ ತಂದ ಸಂಪುಟದಲ್ಲಿ ಕೈಯಿಂದ ಬರೆದ ಪ್ರತಿಗಳ ಚಿತ್ರಗಳಿದ್ದವು. ಹುಲ್ಶ್ 1925ರಲ್ಲಿ ಅದೇ ಶಾಸನಗಳನ್ನು ಮತ್ತೆ ಸಂಪಾದಿಸಿದಾಗ ಪಡಿಯಚ್ಚುಗಳ ಚಿತ್ರಗಳನ್ನೇ ಕೊಟ್ಟರು. ಹೀಗಾಗಿ ಸಂಪಾದಕರ ಪಾಠ ಸರಿಯೇ ಅಂತ ಓದುಗರೇ ಚಿತ್ರದ ಪಕ್ಕದಲ್ಲಿಟ್ಟು ನೋಡುವ ಹಾಗಾಯಿತು.

ಈಗ ನಮ್ಮ ಮಾಸ್ಕಿಗೆ ಬರೋಣ. ಬೇಡದ ಎಳೆ ತೆಗೆಯಲು ಮೂರು ದಾರಿಗಳು ಬಳಕೆಯಲ್ಲಿವೆ. ಒಂದು, ಮಾಸ್ಕನ್ನೇ ಒಂದೆರಡು ಪಿಕ್ಸೆಲ್ ಒಳಕ್ಕೆ ಎಳೆಯೋದು. ಎರಡು, ಅಂಚಿನ ಪಿಕ್ಸೆಲುಗಳಿಗೆ ಒಳಗಿನ ಕಲ್ಲಿನ ಬಣ್ಣ ತುಂಬೋದು. ಫೋಟೊಶಾಪ್‌ನ 'ಡಿಫ್ರಿಂಜ್' ಮಾಡೋದು ಇದನ್ನೇ. ಮೂರು, ಮಾಸ್ಕಿನ ಮೇಲೆ ಸಣ್ಣ ಬ್ರಶ್ ಹಿಡಿದು ಕೈಯಿಂದ ಸರಿಮಾಡೋದು. ಒಡವೆಯ ಜಾಹೀರಾತಿಗೆ ಮೊದಲನೆಯದು ಸಾಕು, ಎರಡು ಕ್ಲಿಕ್ಕಿನ ಕೆಲಸ. ಶಾಸನಕ್ಕೆ ಅದೇ ಅಪಾಯ.

ಯಾಕೆ ಅಂತೀರಾ? ಲೆಕ್ಕ ಹಾಕಿ. 2 ಮೀಟರ್ ಎತ್ತರದ ಕಲ್ಲು ನಿಮ್ಮ ಚಿತ್ರದಲ್ಲಿ 4000 ಪಿಕ್ಸೆಲ್ ಇದೆ ಅಂದುಕೊಳ್ಳಿ. ಒಂದು ಪಿಕ್ಸೆಲ್ ಅಂದರೆ ಅರ್ಧ ಮಿಲಿಮೀಟರ್. ಮಾಸ್ಕನ್ನು 2 ಪಿಕ್ಸೆಲ್ ಒಳಗೆಳೆದರೆ ಕಲ್ಲಿನ ಸುತ್ತ 1 ಮಿಲಿಮೀಟರ್ ಹೋಯಿತು, ದೊಡ್ಡ ನಷ್ಟವಲ್ಲ. ಅದೇ ಚಿತ್ರವನ್ನು ಮೊದಲೇ 1000 ಪಿಕ್ಸೆಲ್‌ಗೆ ಇಳಿಸಿ ಆಮೇಲೆ ಅಷ್ಟೇ ಎಳೆದರೆ ಹೋಗೋದು 4 ಮಿಲಿಮೀಟರ್. ಸವೆದ ಅಕ್ಷರದ ಒಂದು ಗೆರೆಯ ಅಗಲ ಎಷ್ಟೋ ಸಲ ಅಷ್ಟೇ ಇರುತ್ತದೆ. ಕಲ್ಲು ಒಡೆದಿದ್ದರೆ ಸಾಲಿನ ಕೊನೆಯ ಅರ್ಧ ಅಕ್ಷರ ನಿಂತಿರೋದು ಇದೇ ಅಂಚಿನ ಮೇಲೆ.

ಆ ಅರ್ಧ ಅಕ್ಷರಕ್ಕೆ ಎಷ್ಟು ಬೆಲೆ ಇದೆ ಅಂತ ತೋರಿಸಲು ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ. ಕಲ್ಯಾಣ ಚಾಲುಕ್ಯರ ಕಾಲದ ಒಂದು ದಾನಶಾಸನ, ರಾಜನ ಹೆಸರಿರುವ ಭಾಗ ಒಡೆದುಹೋಗಿದೆ. ಸಾಲಿನ ಕೊನೆಯಲ್ಲಿ ಸಕವರ್ಷ 99 ಅಂತ ಇದೆ, ಮುಂದಿನ ಅಂಕಿ ಅರ್ಧ ಮಾತ್ರ ಉಳಿದಿದೆ. ಅದು ಪೂರ್ತಿ ಹೋದರೆ ಶಾಸನ ಶಕ 990ರಿಂದ 999ರ ನಡುವೆ, ಅಂದರೆ ಸುಮಾರು ಕ್ರಿ.ಶ. 1068ರಿಂದ 1077ರ ನಡುವೆ ಎಲ್ಲಾದರೂ ಬೀಳಬಹುದು. ಆ ಹತ್ತು ವರ್ಷದೊಳಗೆ ಎರಡನೇ ಸೋಮೇಶ್ವರ ಸಿಂಹಾಸನಕ್ಕೆ ಬಂದು, 1076ರಲ್ಲಿ ತಮ್ಮ ಆರನೇ ವಿಕ್ರಮಾದಿತ್ಯನಿಗೆ ಅದನ್ನು ಕಳೆದುಕೊಂಡ. ಉಳಿದ ಅರ್ಧ ಅಂಕಿಯ ಬಾಗು ಕಂಡರೆ ಇಬ್ಬರಲ್ಲಿ ಯಾರ ಕಾಲದ್ದು ಅಂತ ಹೇಳಲು ದಾರಿ ಸಿಗುತ್ತದೆ. ಅಂದಗೆಡಿಸುತ್ತದೆ ಅಂತ ಆ ಎಳೆಯ ಜೊತೆ ಅದನ್ನೂ ಸವರಿಬಿಟ್ಟರೆ ದಾರಿಯೇ ಮುಚ್ಚಿತು. ಕಲ್ಲು ಅಲ್ಲೇ ಇದೆಯಲ್ಲ, ಹೋಗಿ ನೋಡಬಹುದು ಅನ್ನುವ ಧೈರ್ಯವೂ ಬೇಡ. ರಸ್ತೆ ಅಗಲ ಮಾಡುವಾಗ, ಹೊಸ ಮನೆಗೆ ಪಾಯ ತೋಡುವಾಗ ಕಲ್ಲುಗಳು ಕಾಣೆಯಾಗುತ್ತವೆ. ಆಮೇಲೆ ನಿಮ್ಮ ಫೋಟೊ ಒಂದೇ ಸಾಕ್ಷಿ.

ಪಾಠ ಪ್ರಕಟಿಸುವಾಗ ನಮಗೊಂದು ಒಳ್ಳೆಯ ಪದ್ಧತಿ ಇದೆ. ಅಳಿಸಿಹೋದ, ಸಂಶಯದ, ಊಹಿಸಿ ತುಂಬಿದ ಅಕ್ಷರಗಳನ್ನು ಸಂಪಾದಕರು ಆವರಣ ಚಿಹ್ನೆಯೊಳಗೆ ಇಡುತ್ತಾರೆ. ಓದುವವರಿಗೆ ಕಲ್ಲು ಹೇಳಿದ್ದು ಯಾವುದು, ಸಂಪಾದಕ ಹೇಳಿದ್ದು ಯಾವುದು ಅಂತ ಗೊತ್ತಾಗುತ್ತದೆ. ಚಿತ್ರದಲ್ಲಿ ಆ ಚಿಹ್ನೆ ಹಾಕಲು ಆಗೋದಿಲ್ಲ. ಅದರ ಕೆಲಸವನ್ನು ಮಾಸ್ಕ್ ಮಾಡಬಲ್ಲದು, ಅದನ್ನು ಚಿತ್ರದೊಳಗೆ ಕರಗಿಸದೆ ಪ್ರತ್ಯೇಕ ಉಳಿಸಿಕೊಂಡರೆ ಮಾತ್ರ. ಮಾಸ್ಕ್ ಮುಚ್ಚಿದ್ದನ್ನು ನಾಳೆ ಯಾರಾದರೂ ತೆರೆದು ನೋಡಬಹುದು. ಅಳಿಸಿದ್ದನ್ನು ತೆರೆಯಲಾಗದು.

ಹಾಗಾಗಿ ನಾನು ಅನುಸರಿಸುವ ಕ್ರಮ ಇದು. ಕ್ಯಾಮೆರಾದ ಮೂಲ ಕಡತ ಮುಟ್ಟೋದಿಲ್ಲ. ಪೂರ್ತಿ ಗಾತ್ರದಲ್ಲೇ ಮಾಸ್ಕ್ ಹಾಕಿ, ಅಂಚು ಸರಿಮಾಡಿ, ಚಿತ್ರದ ಗಾತ್ರ ಇಳಿಸೋದು ಕೊನೆಗೆ. ಕಲ್ಲಿನ ಪೂರ್ತಿ ಇರುವ ಬದಿಗಳಲ್ಲಿ ಬಣ್ಣ ತುಂಬುವ ವಿಧಾನ ಬಳಸುತ್ತೇನೆ. ಒಡೆದ ಬದಿಯಲ್ಲಿ, ಸಾಲುಗಳು ಶುರುವಾಗುವ ಮತ್ತು ಮುಗಿಯುವ ಕಡೆ ಚಿತ್ರ ಹಿಗ್ಗಿಸಿಕೊಂಡು ಬ್ರಶ್ಶಿನಿಂದ ಮಾತ್ರ, ಅದೂ ಮಾಸ್ಕಿನ ಮೇಲೆ ಮಾತ್ರ. ಅಲ್ಲಿ ಸಂಶಯ ಬಂದರೆ ಹಸಿರು ಎಳೆಯನ್ನು ಹಾಗೇ ಬಿಡುತ್ತೇನೆ. ಕಲ್ಲಿನ ಒಳಗೆ ಅಕ್ಷರದ ಅಂಚಿಗೆ ಯಾವ ಶುದ್ಧೀಕರಣವೂ ಇಲ್ಲ. ಹಂಚಿಕೊಳ್ಳುವಾಗ 'ಹಿನ್ನೆಲೆ ತೆಗೆದಿದೆ, ಎಡ ಅಂಚು ಕೈಯಿಂದ ಸರಿಮಾಡಿದೆ' ಅಂತ ಒಂದು ಸಾಲು ಬರೆದು, ಪಕ್ಕದಲ್ಲೇ ಕತ್ತರಿಸದ ಫೋಟೊವನ್ನೂ ಇಡುತ್ತೇನೆ. ಅದರಲ್ಲಿ ಬೈಕೂ ಇರುತ್ತದೆ, ಕರೆಂಟು ಕಂಬವೂ ಇರುತ್ತದೆ. ಇರಲಿ ಬಿಡಿ. ಕಲ್ಲು ಯಾವ ಜಾಗದಲ್ಲಿತ್ತು ಅಂತ ಮುಂದೆ ಹುಡುಕುವವರಿಗೆ ಆ ಕಂಬವೇ ಗುರುತಾಗಬಹುದು.