ಕೆಲಸ ಕೊಡುವ ಹೊಣೆ ಯಾರದು?

ನಮ್ಮ ಸಂವಿಧಾನದಲ್ಲಿ ಉದ್ಯೋಗದ ಹಕ್ಕು ಇಲ್ಲ ಎನ್ನುವುದು ಅರ್ಧ ನಿಜ. 41ನೇ ವಿಧಿಯಲ್ಲಿ ಅದು ಇದೆ. ಆದರೆ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಎಂಬ ಷರತ್ತೂ ಅದೇ ವಾಕ್ಯದಲ್ಲಿದೆ. ಮೇಲಾಗಿ ಅದಕ್ಕೆ ಜಾಗ ಸಿಕ್ಕಿದ್ದು ರಾಜ್ಯನೀತಿಯ ನಿರ್ದೇಶಕ ತತ್ವಗಳ ಸಾಲಿನಲ್ಲಿ. ಅಲ್ಲಿರುವುದನ್ನು ಜಾರಿ ಮಾಡಿಸಿ ಎಂದು ಕೋರ್ಟಿನ ಮೆಟ್ಟಿಲು ಹತ್ತುವಂತಿಲ್ಲ. ಹಕ್ಕುಗಳನ್ನು ಹೀಗೆ, ಕೋರ್ಟಿನಲ್ಲಿ ಕೇಳಬಹುದಾದವು ಮತ್ತು ಕೇಳಲಾಗದವು ಎಂದು, ಎರಡು ಪಾಲು ಮಾಡಬೇಕೆಂದು ಸಲಹೆ ಕೊಟ್ಟವರು ಸಂವಿಧಾನ ಸಭೆಯ ಸಲಹೆಗಾರರಾಗಿದ್ದ, ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಐರ್ಲೆಂಡಿನ 1937ರ ಸಂವಿಧಾನ ಅವರಿಗೆ ಮಾದರಿಯಾಗಿತ್ತು. ಬ್ಯಾಂಕಿಗೆ ಅನುಕೂಲವಾದಾಗ ಮಾತ್ರ ಹಣ ಕೊಡುವ ಚೆಕ್ಕು ಇದು ಎಂದು ಸದಸ್ಯ ಕೆ.ಟಿ. ಶಾ ಸಭೆಯಲ್ಲೇ ಚುಚ್ಚಿದರು. ಅಧಿಕಾರಕ್ಕೆ ಬಂದವರು ಚುನಾವಣೆಯಲ್ಲಿ ಮತದಾರರಿಗೆ ಉತ್ತರ ಹೇಳಲೇಬೇಕಾಗುತ್ತದೆ ಎಂಬುದು ಅಂಬೇಡ್ಕರರ ಸಮಾಧಾನ.

ರಾವ್ ಅವರ ಎಚ್ಚರಿಕೆಗೆ ಕಾರಣವಿಲ್ಲದೆ ಇರಲಿಲ್ಲ. ಜರ್ಮನಿಯ 1919ರ ವೈಮರ್ ಸಂವಿಧಾನ ದುಡಿದು ಬದುಕುವ ಅವಕಾಶದ ಭರವಸೆ ಕೊಟ್ಟಿತ್ತು. 1932ರ ಹೊತ್ತಿಗೆ ಅಲ್ಲಿ ಸುಮಾರು 60 ಲಕ್ಷ ಜನ ಕೆಲಸವಿಲ್ಲದೆ ಕೂತಿದ್ದರು. ಸೋವಿಯತ್ ಒಕ್ಕೂಟದ 1936ರ ಸಂವಿಧಾನ ಕೆಲಸವನ್ನು ಹಕ್ಕು ಎಂದಿತು, ಜೊತೆಗೇ ದುಡಿಯದವನಿಗೆ ಊಟವಿಲ್ಲ ಎಂದೂ ಬರೆಯಿತು. ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಘೋಷಣೆಯಲ್ಲೂ ಈ ಹಕ್ಕಿದೆ.

ನಮ್ಮಲ್ಲಿ ಇದು ಕಾಗದದಿಂದ ನೆಲಕ್ಕಿಳಿದದ್ದು ದೆಹಲಿಯಲ್ಲಲ್ಲ, ಮಹಾರಾಷ್ಟ್ರದಲ್ಲಿ. ಅಲ್ಲಿನ ರಾಜಕಾರಣಿ ವಿ.ಸ. ಪಾಗೆ ಸಾಂಗ್ಲಿ ಜಿಲ್ಲೆಯಲ್ಲಿ 1965ರಲ್ಲಿ ಸಣ್ಣದಾಗಿ ಶುರು ಮಾಡಿದ ಉದ್ಯೋಗ ಖಾತ್ರಿಯ ಪ್ರಯೋಗ 1972ರ ಬರದಲ್ಲಿ ರಾಜ್ಯದ ಯೋಜನೆಯಾಯಿತು, 1977ರಲ್ಲಿ ಕಾಯ್ದೆಯಾಯಿತು. ಅದರ ಜಾಣತನವಿದ್ದದ್ದು ಹಣದ ಏರ್ಪಾಟಿನಲ್ಲಿ: ನಗರದ ಸಂಬಳದಾರರ ಮೇಲೆ ವೃತ್ತಿ ತೆರಿಗೆ ಹಾಕಿ, ಆ ದುಡ್ಡಿನಿಂದ ಹಳ್ಳಿಯ ಕೂಲಿ ಕೊಡುವುದು. 1988ರಲ್ಲಿ ಕೂಲಿಯನ್ನು ಕನಿಷ್ಠ ವೇತನದ ಮಟ್ಟಕ್ಕೆ, ಹೆಚ್ಚುಕಡಿಮೆ ಎರಡುಪಟ್ಟು ಏರಿಸಿದರು. ಅದಕ್ಕೆ ತಕ್ಕಂತೆ ಬಜೆಟ್ ಬೆಳೆಯಲಿಲ್ಲ. ಹಾಗಾಗಿ ಕೆಲಸ ಸಿಕ್ಕವರ ಸಂಖ್ಯೆ ಇಳಿಯಿತು. ಕಾಯ್ದೆಯ ಒಂದಕ್ಷರವೂ ಬದಲಾಗಿರಲಿಲ್ಲ. ಹಕ್ಕು ಮಾತ್ರ ಸದ್ದಿಲ್ಲದೆ ಪಡಿತರವಾಗಿಬಿಟ್ಟಿತ್ತು. ಮುಂದೆ ಬಂದ ಎಲ್ಲ ಯೋಜನೆಗಳನ್ನೂ ನಾನು ಅಳೆಯುವುದು ಈ ಒಂದು ಘಟನೆಯಿಂದ.

ನ್ಯಾಯಾಲಯಗಳದು ಒಮ್ಮೆ ಮುಂದೆ, ಒಮ್ಮೆ ಹಿಂದೆ ಇಟ್ಟ ಹೆಜ್ಜೆ. ಮುಂಬೈಯ ಫುಟ್‌ಪಾತ್ ವಾಸಿಗಳ ಓಲ್ಗಾ ಟೆಲಿಸ್ ಪ್ರಕರಣದಲ್ಲಿ (1985) ಸುಪ್ರೀಂ ಕೋರ್ಟ್ ಬದುಕುವ ಹಕ್ಕಿನಲ್ಲಿ ಜೀವನೋಪಾಯವೂ ಸೇರಿದೆ ಎಂದಿತು. ಆದರೆ ಅದನ್ನು ಒದಗಿಸಿಯೇ ತೀರಬೇಕೆಂದು ಸರ್ಕಾರವನ್ನು ಕಟ್ಟಿಹಾಕಲಿಲ್ಲ, ಎತ್ತಂಗಡಿಯನ್ನೂ ತಡೆಯಲಿಲ್ಲ. ರಾಜಕೀಯದ ದಾರಿಯೂ ದೂರ ಹೋಗಲಿಲ್ಲ: 1989ರಲ್ಲಿ ರಾಷ್ಟ್ರೀಯ ರಂಗ ಉದ್ಯೋಗವನ್ನು ಮೂಲಭೂತ ಹಕ್ಕಾಗಿಸುವುದಾಗಿ ಮಾತು ಕೊಟ್ಟು ಅಧಿಕಾರಕ್ಕೆ ಬಂತು, ವಿ.ಪಿ. ಸಿಂಗ್ ಸರ್ಕಾರ ವರ್ಷ ತುಂಬುವಷ್ಟರಲ್ಲೇ ಬಿತ್ತು, ಮಾತೂ ಅದರೊಂದಿಗೇ ಹೋಯಿತು. ಇನ್ನು ಸುಪ್ರೀಂ ಕೋರ್ಟಿನ 1992ನ್ನು ನೋಡಿ. ಕರ್ನಾಟಕದ ಕ್ಯಾಪಿಟೇಶನ್ ಶುಲ್ಕದ ವಿರುದ್ಧದ ಮೋಹಿನಿ ಜೈನ್ ಪ್ರಕರಣದಲ್ಲಿ ಶಿಕ್ಷಣವನ್ನು ಮೂಲಭೂತ ಹಕ್ಕೆಂದ ಅದೇ ನ್ಯಾಯಾಲಯ, ಅದೇ ವರ್ಷ ದೆಹಲಿಯ ತೋಟಗಾರಿಕೆ ದಿನಗೂಲಿಗಳಿಗೆ, ಕೆಲಸವನ್ನು ಹಕ್ಕಾಗಿಸುವ ಶಕ್ತಿ ದೇಶಕ್ಕಿನ್ನೂ ಬಂದಿಲ್ಲ ಎಂದು ಹೇಳಿ ಕಳಿಸಿತು. ಎರಡೂ ನಿರ್ದೇಶಕ ತತ್ವಗಳೇ. ಶಿಕ್ಷಣ 2002ರ 86ನೇ ತಿದ್ದುಪಡಿಯಿಂದ 21ಎ ವಿಧಿಯಾಯಿತು, ಕೆಲಸ ಇದ್ದಲ್ಲೇ ಉಳಿಯಿತು.

2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತ್ರಿ ಕಾಯ್ದೆ (ನರೇಗಾ) ಸಂವಿಧಾನವನ್ನು ಮುಟ್ಟದೆಯೇ ಆ ಹಕ್ಕಿನ ಹತ್ತಿರಕ್ಕೆ ಬಂತು. ರಾಜಸ್ಥಾನದ ಕೂಲಿಕಾರರ ಚಳವಳಿ, ಸಾಮಾಜಿಕ ಕಾರ್ಯಕರ್ತೆ ಅರುಣಾ ರಾಯ್ ಮತ್ತು ಅರ್ಥಶಾಸ್ತ್ರಜ್ಞ ಜ್ಯಾಂ ದ್ರೇಜ್ ಅವರಂಥವರ ಪಟ್ಟು ಅದರ ಹಿಂದಿದ್ದವು. 2006ರ ಫೆಬ್ರುವರಿಯಲ್ಲಿ 200 ಜಿಲ್ಲೆಗಳಲ್ಲಿ ಆರಂಭವಾದಾಗ ನಮ್ಮ ಬೀದರ್, ಗುಲ್ಬರ್ಗ, ರಾಯಚೂರು, ಚಿತ್ರದುರ್ಗ, ದಾವಣಗೆರೆ ಮೊದಲ ಪಟ್ಟಿಯಲ್ಲಿದ್ದವು. ಎರಡೇ ತಿಂಗಳಲ್ಲಿ, ಉಮಾದೇವಿ ಪ್ರಕರಣದಲ್ಲಿ, ಕರ್ನಾಟಕದ ಹಂಗಾಮಿ ನೌಕರರಿಗೆ ಕಾಯಮಾತಿಯನ್ನು ಹಕ್ಕಾಗಿ ಕೇಳುವಂತಿಲ್ಲವೆಂದು ಸಂವಿಧಾನ ಪೀಠ ತೀರ್ಪಿತ್ತಿತು. ಅಂದರೆ ಗುದ್ದಲಿ ಕೆಲಸಕ್ಕೆ ಖಾತ್ರಿ ಸಿಕ್ಕಿತು, ಕಚೇರಿ ಕೆಲಸಕ್ಕೆ ಇಲ್ಲ.

ಖಾತ್ರಿ ಕಾಯ್ದೆಯ ಜೀವ ಇದ್ದದ್ದು ಅದರ ಲೆಕ್ಕಾಚಾರದಲ್ಲಿ. ಕೂಲಿಯ ಹಣ ಪೂರ್ತಿ ಕೇಂದ್ರದ್ದು. ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ರಾಜ್ಯದ ತಲೆಗೆ. ಕೆಲಸ ಕೊಟ್ಟರೆ ರಾಜ್ಯಕ್ಕೆ ಲಾಭ, ತಪ್ಪಿದರೆ ದಂಡ: ಇಷ್ಟು ಅಚ್ಚುಕಟ್ಟಾದ ಯೋಚನೆ ನಮ್ಮ ಕಾನೂನುಗಳಲ್ಲಿ ಅಪರೂಪ. ಈ ದಂಡ ತಪ್ಪಿಸಿಕೊಳ್ಳಲು ಹಳ್ಳಿಯ ಅಧಿಕಾರಿಗಳು ಒಂದು ಸುಲಭದ ಉಪಾಯ ಕಂಡುಕೊಂಡರು. ನಮೂನೆ 6ರ ಅರ್ಜಿಗೆ ದಿನಾಂಕ ಹಾಕಿದ ರಸೀದಿ ಕೊಡದಿದ್ದರಾಯಿತು! ರಸೀದಿ ಇಲ್ಲದಿದ್ದರೆ ಬೇಡಿಕೆಯೇ ಇಲ್ಲ, ಭತ್ಯೆಯ ಮಾತೂ ಇಲ್ಲ. ಉತ್ತರ ಕರ್ನಾಟಕದಲ್ಲಿ ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆಯ ಹೆಂಗಸರು ಪಂಚಾಯಿತಿ ಮುಂದೆ ಕೂತು ಕೇಳಿದ್ದರಲ್ಲಿ ಈ ರಸೀದಿಯೂ ಒಂದು. 100 ದಿನದ ಭರವಸೆಯಿದ್ದರೂ ದೇಶದಲ್ಲಿ ಒಂದು ಕುಟುಂಬಕ್ಕೆ ಸಿಕ್ಕ ಕೆಲಸ ಸರಾಸರಿ 50 ದಿನದ ಆಸುಪಾಸಿನಲ್ಲೇ ಇತ್ತು. 2009ರಲ್ಲಿ ಕೇಂದ್ರ ತನ್ನ ಕೂಲಿ ದರವನ್ನು ರಾಜ್ಯಗಳ ಕನಿಷ್ಠ ವೇತನದಿಂದ ಬೇರ್ಪಡಿಸಿತು. ಅದು ಕನಿಷ್ಠ ವೇತನಕ್ಕಿಂತ ಕಡಿಮೆಯಿರಬಾರದೆಂದು 2011ರಲ್ಲಿ ಹೇಳಿದ್ದು ಕರ್ನಾಟಕ ಹೈಕೋರ್ಟ್. ಇಷ್ಟೆಲ್ಲ ಕೊರತೆಗಳ ನಡುವೆಯೂ ಕೋವಿಡ್ ಬಂದಾಗ, ನಗರಗಳಿಂದ ಬರಿಗೈಯಲ್ಲಿ ಮರಳಿದವರಿಗೆ ಊರಲ್ಲಿ ಒದಗಿದ್ದು ಇದೇ ಕಾಯ್ದೆ: 2020-21ರಲ್ಲಿ ಸುಮಾರು 7.5 ಕೋಟಿ ಕುಟುಂಬಗಳು ಇದರಡಿ ದುಡಿದವು.

ನಗರದ ಕತೆ ಚಿಕ್ಕದು. ಕೇರಳದ ಅಯ್ಯಂಕಾಳಿ ಯೋಜನೆ, ರಾಜಸ್ಥಾನದ 2022ರ ಶಹರಿ ಯೋಜನೆ ಬಿಟ್ಟರೆ ಹೇಳಿಕೊಳ್ಳುವಂಥದ್ದು ಕಡಿಮೆ. ಪದವೀಧರರಿಗೆ ಕರ್ನಾಟಕ 2024ರಲ್ಲಿ ಕೊಟ್ಟದ್ದು ಯುವನಿಧಿ, ತಿಂಗಳಿಗೆ 3,000 ರೂಪಾಯಿಯಂತೆ ಎರಡು ವರ್ಷದವರೆಗೆ. ಅದು ಭತ್ಯೆ, ಕೆಲಸವಲ್ಲ.

2025ರ ಡಿಸೆಂಬರ್‌ನಲ್ಲಿ ನರೇಗಾ ಜಾಗಕ್ಕೆ 'ವಿಕಸಿತ ಭಾರತ ಜಿ ರಾಮ್ ಜಿ' ಕಾಯ್ದೆ ಬಂತು. ದಿನಗಳು 100ರಿಂದ 125ಕ್ಕೆ ಏರಿದವು, ಸುದ್ದಿಯಾದದ್ದು ಅದು. ನನಗೆ ಮುಖ್ಯವಾಗಿ ಕಾಣುವುದು ಬೇರೆ ಎರಡು ಸಂಗತಿ. ಬಹುತೇಕ ರಾಜ್ಯಗಳು ವೆಚ್ಚದ ಶೇ 40ರಷ್ಟನ್ನು ತಾವೇ ಹೊರಬೇಕು, ಕೇಂದ್ರದ ಪಾಲು ಮೊದಲೇ ಗೊತ್ತುಮಾಡಿದ ಮಿತಿಯಲ್ಲಿ ಬರುತ್ತದೆ. ಬಿತ್ತನೆ, ಕಟಾವಿನ ಕಾಲದಲ್ಲಿ 60 ದಿನದವರೆಗೆ ಕೆಲಸ ನಿಲ್ಲಿಸಬಹುದು. ಕೆಲಸ ಕೊಡುವ ರಾಜ್ಯಕ್ಕೆ ಈಗ ಕೊಟ್ಟಷ್ಟೂ ಖರ್ಚು. 1988ರ ಮಹಾರಾಷ್ಟ್ರದಲ್ಲಿ ಆದದ್ದು ಇಡೀ ದೇಶದಲ್ಲಿ ಮರುಕಳಿಸಲು ಇದಕ್ಕಿಂತ ಒಳ್ಳೆಯ ದಾರಿ ಬೇಕಿಲ್ಲ.

ಹಾಗಾದರೆ ಉದ್ಯೋಗ ಮೂಲಭೂತ ಹಕ್ಕಾಗಿದ್ದರೆ ಏನಾಗುತ್ತಿತ್ತು? ಕೆಲಸ ತಾನಾಗಿ ಬರುತ್ತಿರಲಿಲ್ಲ. 21ಎ ವಿಧಿಯೂ ಜಾರಿಗೆ ಪ್ರತ್ಯೇಕ ಕಾಯ್ದೆಯನ್ನೇ ನೆಚ್ಚಿತ್ತು, ಆ ಕಾಯ್ದೆ ಜಾರಿಯಾದದ್ದು 2010ರಲ್ಲಿ. ಆದರೆ ಇಪ್ಪತ್ತು ವರ್ಷ ನಿಂತಿದ್ದ ಖಾತ್ರಿಯನ್ನು ಸಂಸತ್ತು ಕೆಲವೇ ದಿನಗಳಲ್ಲಿ, ಸಾಮಾನ್ಯ ಬಹುಮತದಿಂದ ತೆಗೆದುಹಾಕಲು ಆಗುತ್ತಿರಲಿಲ್ಲ. ಅದಕ್ಕೆ ಮೂರನೇ ಎರಡರಷ್ಟು ಮತ ಬೇಕಾಗುತ್ತಿತ್ತು, ಅದಾದ ಮೇಲೂ ಕೋರ್ಟಿನಲ್ಲಿ ಉತ್ತರ ಕೊಡಬೇಕಾಗುತ್ತಿತ್ತು.